ಪರದೇಶದಲ್ಲಿ ಒಂದಕ್ಕೆ ಎಲ್ಲಿ ಹೋಗೋದು?

ನಾಳೆ ಊರಿಗೆ ಹೊರಡಬೇಕು ಅಂದರೆ ನಮ್ಮ ಕಡೆಯ ಹೆಂಗಸರು ಇವತ್ತು ಸಂಜೆಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಬೆಳಿಗ್ಗೆ ಚಹಾ ಬೇಡ ಅನ್ನುತ್ತಾರೆ. ಬಸ್ಸಿನಲ್ಲಿ ಯಾರಾದರೂ ನೀರಿನ ಬಾಟ್ಲಿ ಚಾಚಿದರೆ ತುಟಿ ಒದ್ದೆ ಮಾಡಿಕೊಂಡು ವಾಪಸ್ ಕೊಡುತ್ತಾರೆ. ಬಾದಾಮಿಯಿಂದ ಬೆಳಗಾವಿಗೆ, ವಿಜಯಪುರಕ್ಕೆ, ಸವದತ್ತಿ ಗುಡ್ಡಕ್ಕೆ ಹೋಗುವ ಯಾವ ಬಸ್ಸಿನಲ್ಲಿ ನೋಡಿದರೂ ಇದೇ. ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದ ದಿನವೂ ಇದೇ. ಯಾಕೆ ಕುಡಿಯೋದಿಲ್ಲ ಅಂತ ಯಾರೂ ಯಾರನ್ನೂ ಕೇಳೋದಿಲ್ಲ. ದಾರಿಯಲ್ಲಿ ಒಂದಕ್ಕೆ ಬಂದರೆ ಎಲ್ಲಿ ಹೋಗೋದು ಅನ್ನುವ ಚಿಂತೆ ಎಲ್ಲರಿಗೂ ಗೊತ್ತಿರುವುದೇ.

ನಮ್ಮ ಅವ್ವನಿಗೆ ಈ ರೂಢಿ ಚಿಕ್ಕಂದಿನಿಂದ ಬಂದದ್ದು. ಅವಳು ಬೆಳೆದದ್ದು ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಸಂಡಾಸ ಇರಲಿಲ್ಲ. ಹೆಂಗಸರು ಬೆಳಕು ಹರಿಯುವ ಮೊದಲು, ಇಲ್ಲವೇ ಕತ್ತಲಾದ ಮೇಲೆ ತಂಬಿಗೆ ಹಿಡಿದು ಬಯಲ ಕಡೆ ಹೋಗಬೇಕಿತ್ತು. ನಡುವಿನ ಹಗಲೆಲ್ಲ ತಡೆಯಬೇಕು. ಹಾವಿನ ಹೆದರಿಕೆ ಒಂದು ಕಡೆ, ಮನುಷ್ಯರ ಹೆದರಿಕೆ ಇನ್ನೊಂದು ಕಡೆ. ಮದುವೆಯಾಗಿ ಬಂದ ಎಷ್ಟೋ ವರ್ಷಗಳ ಮೇಲೆ ಮನೆಗೆ ಸಂಡಾಸ ಬಂತು. ತಡೆಯುವ ರೂಢಿ ಮಾತ್ರ ಹಾಗೇ ಉಳಿಯಿತು. ಈಗ ಅವ್ವನಿಗೆ ಶುಗರ್ ಇದೆ. ಶುಗರ್ ಹೆಚ್ಚಾದರೆ ಪದೇ ಪದೇ ಒಂದಕ್ಕೆ ಬರುತ್ತದೆ, ನೀರೂ ಜಾಸ್ತಿ ಬೇಕಾಗುತ್ತದೆ. ನೀರು ಬಿಟ್ಟರೆ, ಬಂದದ್ದನ್ನು ತಡೆದರೆ ಮೂತ್ರದ ಸೋಂಕು ಬೇಗ ಹಿಡಿಯುತ್ತದೆ. ಡಾಕ್ಟರು ಹೇಳಿದ್ದಕ್ಕೆಲ್ಲ ಅವ್ವ ತಲೆ ಆಡಿಸುತ್ತಾಳೆ. ಬಸ್ ಹತ್ತಿದ ಮೇಲೆ ತನ್ನದೇ ಲೆಕ್ಕ.

ನನ್ನ ತಮ್ಮ ಜರ್ಮನಿಯಲ್ಲಿ ಕೆಲಸ ಮಾಡುತ್ತಾನೆ. ಸ್ಟುಟ್‌ಗಾರ್ಟ್‌ನಿಂದ ಪೂರ್ವಕ್ಕೆ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ಆಲೆನ್ ಅಂತ ಊರು. ಅವನು ಅವ್ವನನ್ನೂ ನನ್ನನ್ನೂ ಕರೆದಾಗ ಅವ್ವ ಚಳಿಯ ಬಗ್ಗೆ ಕೇಳಲಿಲ್ಲ, ಊಟದ ಬಗ್ಗೆ ಕೇಳಲಿಲ್ಲ. ಫೋನಿನಲ್ಲಿ ಮೊದಲು ಕೇಳಿದ್ದು ಇಷ್ಟೇ: “ಅಲ್ಲೆ ಹೊರಗ ತಿರಗಾಡಾಕ ಹೋದಾಗ ಸಂಡಾಸ ಸಿಗತಾವೇನಪಾ? ಯಾರನ್ನರ ಕೇಳಬೇಕಂದ್ರ ನನಗ ಮಾತ ಬರೂದಿಲ್ಲ.”

ಪ್ರವಾಸದ ಬಗ್ಗೆ ಬರೆಯುವವರು ಕೋಟೆ, ಮ್ಯೂಸಿಯಂ, ಊಟದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವವರಿಗೆ, ಸಣ್ಣ ಮಕ್ಕಳಿದ್ದವರಿಗೆ, ಮುಟ್ಟಿನ ದಿನಗಳಲ್ಲಿ ತಿರುಗಾಡುವ ಹುಡುಗಿಯರಿಗೆ ಕೋಟೆಗಿಂತ ಮೊದಲು ಬೇಕಾಗುವುದು ಇದೇ ಅಲ್ವಾ? ಅದಕ್ಕೆ ನಾವು ಕಂಡದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಬರೆದಿಡುತ್ತಿದ್ದೇನೆ.

ನಾವು ಹೋದದ್ದು ದುಬೈ ಮೇಲಿಂದ. ಅಲ್ಲಿವರೆಗೆ ಏನೂ ತೊಂದರೆ ಇಲ್ಲ. ವಿಮಾನ ನಿಲ್ದಾಣದ ಟಾಯ್ಲೆಟ್‌ನಲ್ಲಿ ಕಮೋಡ್ ಪಕ್ಕದಲ್ಲೇ ನೀರಿನ ಪೈಪ್ ಇರುತ್ತದೆ. ಕೊಲ್ಲಿ ದೇಶಗಳಲ್ಲಿ, ಟರ್ಕಿಯಲ್ಲಿ, ಥಾಯ್ಲೆಂಡ್‌ನಲ್ಲೂ ನೀರು ಬಳಸುವುದೇ ರೂಢಿ. ವಿಮಾನದೊಳಗೆ ಗೊತ್ತಿರಬೇಕಾದದ್ದು ಒಂದೇ. ಊಟದ ತಟ್ಟೆ ಎತ್ತಿಕೊಂಡು ಹೋದ ಕೂಡಲೇ ಎಲ್ಲರೂ ಏಳುತ್ತಾರೆ, ಸಾಲು ಉದ್ದ ಆಗುತ್ತದೆ. ಇಳಿಯುವ ಮೊದಲು ಸೀಟ್ ಬೆಲ್ಟ್ ದೀಪ ಹತ್ತಿದ ಮೇಲೆ ಏಳಲು ಬಿಡುವುದಿಲ್ಲ. ಆದ್ದರಿಂದ ಊಟಕ್ಕಿಂತ ಮೊದಲೇ ಒಮ್ಮೆ, ಇಳಿಯಲು ಮುಕ್ಕಾಲು ಗಂಟೆ ಇರುವಾಗ ಇನ್ನೊಮ್ಮೆ ಹೋಗಿ ಬರುವುದು ಒಳ್ಳೆಯದು.

ಯುರೋಪ್‌ನಲ್ಲಿ ಇಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಟಾಯ್ಲೆಟ್ ಇದೆ, ಸ್ವಚ್ಛ ಇದೆ, ನೀರಿಲ್ಲ. ಮತ್ತು ಬಹಳ ಕಡೆ ದುಡ್ಡು ಕೊಡಬೇಕು.

ಫ್ರಾಂಕ್‌ಫರ್ಟ್‌ನಿಂದ ತಮ್ಮನ ಕಾರಿನಲ್ಲಿ ಹೊರಟೆವು. ಜರ್ಮನಿಯ ಹೆದ್ದಾರಿ ಪಕ್ಕ ಎರಡು ಥರದ ಜಾಗಗಳಿವೆ. ಒಂದು ಬರೀ ಕಾರು ನಿಲ್ಲಿಸುವ ಜಾಗ. ಅಲ್ಲಿ ಕೆಲವು ಕಡೆ ಪುಕ್ಕಟೆ ಟಾಯ್ಲೆಟ್ ಇರುತ್ತದೆ. ಸ್ಟೀಲಿನ ಕಮೋಡ್, ಸ್ಟೀಲಿನ ಬೇಸಿನ್, ಚಳಿಗಾಲದಲ್ಲಿ ಮುಟ್ಟಿದರೆ ಮೈ ಜುಮ್ ಅನ್ನುತ್ತದೆ. ಇನ್ನೊಂದು ಪೆಟ್ರೋಲ್ ಬಂಕ್, ಹೋಟೆಲ್ ಎಲ್ಲ ಇರುವ ದೊಡ್ಡ ಜಾಗ. ಅಲ್ಲಿ ಹೆಚ್ಚಾಗಿ ಸಾನಿಫೇರ್ ಎಂಬ ಕಂಪನಿಯ ಟಾಯ್ಲೆಟ್‌ಗಳು. ಒಳಗೆ ಹೋಗಲು ತಿರುಗುವ ಗೇಟು ದಾಟಬೇಕು. ಮೊದಲು 70 ಸೆಂಟ್ ಇತ್ತು, 50 ಸೆಂಟಿನ ಚೀಟಿ ವಾಪಸ್ ಬರುತ್ತಿತ್ತು. 2022ರ ನವೆಂಬರ್‌ನಿಂದ 1 ಯೂರೋ ಆಗಿದೆ, ಚೀಟಿಯೂ 1 ಯೂರೋದ್ದೇ. ಆ ಚೀಟಿ ತೋರಿಸಿ ಅಲ್ಲಿನ ಅಂಗಡಿಯಲ್ಲಿ ಏನಾದರೂ ಕೊಂಡರೆ ಅಷ್ಟು ಕಡಿಮೆ ಮಾಡುತ್ತಾರೆ. ಸಣ್ಣ ಮಕ್ಕಳಿಗೆ ಪಕ್ಕದಲ್ಲಿ ಗಿಡ್ಡ ಬಾಗಿಲಿದೆ, ಅವರಿಗೆ ದುಡ್ಡಿಲ್ಲ.

ಅವ್ವ ಗೇಟಿನ ಮುಂದೆ ನಿಂತುಬಿಟ್ಟಳು. “ಎಷ್ಟ?” ಅಂದಳು. ತಮ್ಮ ಹೇಳಿದ. ಅವಳು ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿ ಹಿಂದಕ್ಕೆ ತಿರುಗಿದಳು. “ಒಂದಕ್ಕ ಹೋಗಾಕ ನೂರ ರೂಪಾಯಿ? ನಡೀರಿ, ಮನಿಗೆ ಹೋಗಿ ನೋಡ್ಕೊಂಡ್ರಾತು.”

“ಅವ್ವಾ, ತಡಿಯೂದು ಬ್ಯಾಡ. ಇನ್ನೂ ಎರಡ ತಾಸ ದಾರಿ ಐತಿ,” ಅಂತ ತಮ್ಮ ಗೇಟಿಗೆ ದುಡ್ಡು ಹಾಕಿಯೇಬಿಟ್ಟ.

ಅವಳು ಹೊರಗೆ ಬಂದಾಗ ಮುಖ ಬೇರೆಯೇ ಆಗಿತ್ತು. “ಯಾರನ್ನೂ ಕೇಳೂದು ಬೀಳಲಿಲ್ಲ ನೋಡು,” ಅಂದಳು. ನನಗೆ ಆ ಮಾತು ತಲೆಯಲ್ಲಿ ಕೂತಿತು. ದುಡ್ಡಿಗೆ ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು ಬಾಯಿಬಿಟ್ಟು ಕೇಳುವ ಸಂಕೋಚ. ಆಮೇಲೆ ಹೋದಲ್ಲೆಲ್ಲ ನಾನು ಇದನ್ನೇ ನೋಡತೊಡಗಿದೆ. ಇಲ್ಲಿ ಕೇಳಬೇಕಾ, ಕೇಳದೆ ಹೋಗಬಹುದಾ?

ರೈಲಿನಲ್ಲಿ ಕೇಳಬೇಕಿಲ್ಲ, ದುಡ್ಡೂ ಇಲ್ಲ. ನಿಲ್ದಾಣದಲ್ಲಿ ಮಾತ್ರ ದುಡ್ಡು. ಹಾಗಾಗಿ ಇಳಿಯುವ ಸ್ಟೇಷನ್ ಬರುವ ಹತ್ತು ನಿಮಿಷ ಮುಂಚೆ ರೈಲಿನಲ್ಲೇ ಹೋಗಿ ಬರುವುದು ಅಲ್ಲಿನವರ ರೂಢಿಯೂ ಹೌದು. ದಿನಸಿ ಸೂಪರ್ ಮಾರ್ಕೆಟ್‌ಗಳಲ್ಲಿ ಗಿರಾಕಿಗಳಿಗೆ ಸಾಮಾನ್ಯವಾಗಿ ಟಾಯ್ಲೆಟ್ ಇರುವುದಿಲ್ಲ. ಬಟ್ಟೆ, ಪಾತ್ರೆ ಎಲ್ಲ ಮಾರುವ ದೊಡ್ಡ ಮಳಿಗೆಗಳಲ್ಲಿ ಇರುತ್ತದೆ, ಹೆಚ್ಚಾಗಿ ಮೇಲಿನ ಮಹಡಿಯಲ್ಲಿ. ಮ್ಯೂಸಿಯಂ, ಲೈಬ್ರರಿಗಳಲ್ಲಿ ಇರುತ್ತದೆ. ಕೆಲವು ಫಾಸ್ಟ್ ಫುಡ್ ಹೋಟೆಲ್‌ಗಳಲ್ಲಿ ಬಾಗಿಲಿಗೆ ನಂಬರ್ ಲಾಕ್, ಆ ನಂಬರ್ ಬಿಲ್ಲಿನ ಕೆಳಗೆ ಅಚ್ಚಾಗಿರುತ್ತದೆ. ಬಿಲ್ ಎಸೆಯಬಾರದು. ಜರ್ಮನಿಯಲ್ಲಿ ಬಾಗಿಲ ಮೇಲೆ ಚಿತ್ರ ಇಲ್ಲದೆ ಬರೀ ಅಕ್ಷರ ಇದ್ದರೆ ‘ಡಿ’ ಹೆಂಗಸರದು, ‘ಎಚ್’ ಗಂಡಸರದು. ಪೋಲೆಂಡ್‌ನಲ್ಲಿ ವೃತ್ತ ಹೆಂಗಸರಿಗೆ, ತ್ರಿಕೋನ ಗಂಡಸರಿಗೆ.

ಸ್ಟುಟ್‌ಗಾರ್ಟ್‌ನ ಒಂದು ದೊಡ್ಡ ಮಳಿಗೆಯಲ್ಲಿ ಕಂಡದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಟಾಯ್ಲೆಟ್ ಬಾಗಿಲ ಮುಂದೆ ಒಂದು ಪುಟ್ಟ ಮೇಜು. ಮೇಲೆ ಬಿಳಿ ಪಿಂಗಾಣಿ ತಟ್ಟೆ, ಅದರಲ್ಲಿ ಒಂದಷ್ಟು ಚಿಲ್ಲರೆ. ಪಕ್ಕದಲ್ಲಿ ಬಿಳಿ ಕೋಟಿನ ಹೆಂಗಸು, ವಯಸ್ಸು ಅವ್ವನಿಗಿಂತ ಸ್ವಲ್ಪ ಕಡಿಮೆ ಇರಬಹುದು. ಒಬ್ಬರು ಹೊರಗೆ ಬಂದರೆ ಅವಳು ಒಳಗೆ ಹೋಗಿ ಸೀಟು ಒರೆಸಿ, ನೆಲ ನೋಡಿ, ಪೇಪರ್ ಸರಿಮಾಡಿ ಬರುತ್ತಿದ್ದಳು. ತಟ್ಟೆಗೆ ದುಡ್ಡು ಹಾಕಲೇಬೇಕು ಅಂತಿಲ್ಲ. ಹೆಚ್ಚಿನವರು 50 ಸೆಂಟ್ ಹಾಕಿ, ಗುಟನ್ ಟಾಗ್ ಅಂತ ನಮಸ್ಕಾರ ಹೇಳಿ ಹೋಗುತ್ತಿದ್ದರು. ಅವಳೂ ತಲೆ ಎತ್ತಿ ಉತ್ತರ ಕೊಡುತ್ತಿದ್ದಳು.

ಅವ್ವ ತಟ್ಟೆಗೆ ಹಾಕದೆ ನಾಣ್ಯವನ್ನು ಅವಳ ಕೈಗೇ ಕೊಟ್ಟು ಕೈಮುಗಿದಳು. ಆ ಹೆಂಗಸು ಎದ್ದು ನಿಂತು ತಾನೂ ಕೈಮುಗಿದಳು. ಅವ್ವನ ಇಳಕಲ್ ಸೀರೆಯ ಸೆರಗು ತೋರಿಸಿ ಏನೋ ಮೆಚ್ಚಿ ಹೇಳಿದಳು. ಎಸ್ಕಲೇಟರ್ ಇಳಿಯುವಾಗ ಅವ್ವ ಅಂದಳು, “ನಮ್ಮ ಕಡೆ ಈ ಕೆಲಸ ಮಾಡೋರ ಮಾರೀನೂ ಯಾರೂ ನೋಡೂದಿಲ್ಲ. ಇಕೀನ ಎಲ್ಲಾರೂ ಮಾತಾಡಸಿ ಹೊಕ್ಕಾರ.”

ಅದು ನಿಜ. ನಮ್ಮಲ್ಲಿ ಟಾಯ್ಲೆಟ್ ತೊಳೆಯುವ ಕೆಲಸ ಅಂದ ಕೂಡಲೇ ಅದು ಯಾವ ಜಾತಿಯವರದು ಅಂತ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ. ಸುಲಭ್ ಸಂಸ್ಥೆಯನ್ನು 1970ರಲ್ಲಿ ಕಟ್ಟಿದ ಬಿಂದೇಶ್ವರ್ ಪಾಠಕ್ ಜೀವನವೆಲ್ಲ ಕೆಲಸ ಮಾಡಿದ್ದು ಈ ಎರಡು ಗಂಟುಗಳ ಮೇಲೆಯೇ. ಒಂದು ಕಡೆ ದುಡ್ಡು ಕೊಟ್ಟು ಬಳಸುವ ಶೌಚಾಲಯ, ಇನ್ನೊಂದು ಕಡೆ ಮಲ ಹೊರುವವರ ಬಿಡುಗಡೆ. ಅವರು 2023ರಲ್ಲಿ ತೀರಿಕೊಂಡರು. ಸ್ವಚ್ಛ ಶೌಚಾಲಯ ಬೇಕು ಅನ್ನುವವರು ಅದನ್ನು ಸ್ವಚ್ಛ ಇಡುವವರ ಸಂಬಳ, ಗ್ಲೌಸು, ಕೂರಲು ಒಂದು ಕುರ್ಚಿ, ಇವುಗಳ ಬಗ್ಗೆಯೂ ಮಾತಾಡಬೇಕು. ಆ ಬಿಳಿ ಕೋಟಿನ ಹೆಂಗಸಿಗೆ ಒಂದು ಮೇಜು ಇತ್ತು, ಕುರ್ಚಿ ಇತ್ತು.

ಈಗ ನೀರಿನ ವಿಷಯ. ನಮ್ಮವರು ಯಾರೇ ಹೊರಟರೂ ನನ್ನ ಕಿವಿಯಲ್ಲಿ ಪಿಸುಗುಟ್ಟಿ ಕೇಳುವುದು ಇದನ್ನೇ. ಬರೀ ಪೇಪರಿನಿಂದ ನಮಗೆ ಸಮಾಧಾನ ಆಗುವುದಿಲ್ಲ. ಅದಕ್ಕೆ ನಾಚಿಕೆಪಡುವಂಥದ್ದೇನೂ ಇಲ್ಲ. ಅರ್ಧ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟ್ಲಿ ಒಂದು ಬ್ಯಾಗಿನಲ್ಲಿ ಯಾವಾಗಲೂ ಇರಲಿ. ಅಲ್ಲಿ ಬೇಸಿನ್ ಇರುವುದು ಕೋಣೆಯ ಹೊರಗೆ. ಒಳಗೆ ಹೋದ ಮೇಲೆ ನೀರು ನೆನಪಾದರೆ ಏನೂ ಮಾಡಲು ಬರುವುದಿಲ್ಲ. ಆದ್ದರಿಂದ ಮೊದಲು ಬೇಸಿನ್ನಿನಲ್ಲಿ ಬಾಟ್ಲಿ ತುಂಬಿಕೊಂಡು ಒಳಗೆ ಹೋಗಬೇಕು. ಮುಚ್ಚಳಕ್ಕೆ ತೂತು ಮಾಡಿದರೆ ನೀರು ಸಣ್ಣಗೆ ಬರುತ್ತದೆ. ಬಾಟ್ಲಿಗೆ ತಿರುಗಿಸಿ ಹಾಕುವ ಕೊಳವೆಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ತಂಬಿಗೆ ಒಯ್ಯುತ್ತೇನೆ ಅಂತ ಅವ್ವ ಹಟ ಹಿಡಿದಿದ್ದಳು. ಬಾಟ್ಲಿಗೆ ಒಂದೇ ದಿನದಲ್ಲಿ ಒಗ್ಗಿಕೊಂಡಳು.

ಇನ್ನೊಂದು ಮಾತು. ನಮ್ಮ ಬಚ್ಚಲಲ್ಲಿ ನೀರು ಚೆಲ್ಲಿದರೆ ಹರಿದು ಹೋಗಲು ಮೋರಿ ಇರುತ್ತದೆ. ಅಲ್ಲಿನ ಟಾಯ್ಲೆಟ್ ಕೋಣೆಯ ನೆಲದಲ್ಲಿ ಹೆಚ್ಚಾಗಿ ಮೋರಿಯೇ ಇರುವುದಿಲ್ಲ. ಒಣಗಿದ ನೆಲವೇ ಅವರಿಗೆ ಸ್ವಚ್ಛ ನೆಲ. ನಾವು ನೀರು ಚೆಲ್ಲಿ ಬಂದರೆ ಮುಂದೆ ಬರುವವರಿಗೆ ಅದು ನೀರೋ ಮತ್ತೇನೋ ತಿಳಿಯುವುದಿಲ್ಲ, ಕಾಲು ಜಾರಲೂಬಹುದು. ಹೊರಡುವ ಮೊದಲು ಪೇಪರಿನಿಂದ ಸೀಟು, ನೆಲ ಒರೆಸಿ ಬರಬೇಕು. ಕಮೋಡ್ ಮೇಲೆ ಕಾಲಿಟ್ಟು ಕೂರಬಾರದು, ಪಿಂಗಾಣಿ ಒಡೆದರೆ ಕಾಲು ಸೀಳುತ್ತದೆ. ಸೀರೆ ಉಟ್ಟವರಿಗೆ ನನ್ನ ಸಲಹೆ, ಒಳಗೆ ಹೋದ ಕೂಡಲೇ ಬ್ಯಾಗನ್ನು ಬಾಗಿಲ ಕೊಕ್ಕೆಗೆ ಹಾಕಿ ಎರಡೂ ಕೈ ಖಾಲಿ ಮಾಡಿಕೊಳ್ಳಿ. ಕೊಕ್ಕೆ ಇಲ್ಲದಿದ್ದರೆ ಜೊತೆಗಿದ್ದವರ ಕೈಗೆ ಮೊದಲೇ ಕೊಟ್ಟು ಹೋಗಿ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಪ್ಯಾಡನ್ನು ಕಮೋಡಿಗೆ ಹಾಕಬೇಡಿ, ಪಕ್ಕದಲ್ಲಿ ಅದಕ್ಕೆಂದೇ ಸಣ್ಣ ಡಬ್ಬಿ ಇರುತ್ತದೆ.

ಇಟಲಿಯಲ್ಲಿ ಮನೆಮನೆಯ ಬಚ್ಚಲಲ್ಲೂ ತೊಳೆದುಕೊಳ್ಳಲು ಬಿಡೆ ಎಂಬ ಪ್ರತ್ಯೇಕ ಬೇಸಿನ್ ಇರುತ್ತದೆ. 1975ರಿಂದ ಮನೆ ಕಟ್ಟುವವರು ಅದನ್ನು ಇಡಲೇಬೇಕು ಅಂತ ಸರ್ಕಾರದ ನಿಯಮವೇ ಇದೆ. ಆದರೆ ಬೀದಿಯ ಟಾಯ್ಲೆಟ್‌ಗಳಲ್ಲಿ ಅದನ್ನು ನಿರೀಕ್ಷಿಸಬೇಡಿ.

ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್‌ಗೆ ವೇಗದ ರೈಲಿನಲ್ಲಿ ಮೂರು ತಾಸು ಚಿಲ್ಲರೆ. ಪ್ಯಾರಿಸ್ ಬೀದಿಗಳಲ್ಲಿ ಸ್ಯಾನಿಸೆಟ್ ಅಂತ ತಾವೇ ತೊಳೆದುಕೊಳ್ಳುವ ಟಾಯ್ಲೆಟ್‌ಗಳಿವೆ. ಒಟ್ಟು 400ಕ್ಕೂ ಹೆಚ್ಚು. 2006ರಿಂದ ಪೂರಾ ಉಚಿತ. ಹೊರಗೆ ದೀಪ ಇರುತ್ತದೆ. ಹಸಿರು ಇದ್ದರೆ ಬಟನ್ ಒತ್ತಿ ಒಳಗೆ ಹೋಗಬಹುದು. ಒಬ್ಬರು ಹೊರಬಂದ ಮೇಲೆ ಬಾಗಿಲು ಮುಚ್ಚಿಕೊಂಡು ಒಳಗೆಲ್ಲ ತಾನೇ ತೊಳೆದುಕೊಳ್ಳುತ್ತದೆ, ಆಮೇಲೆ ಮತ್ತೆ ಹಸಿರು. ನಮ್ಮವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹೊರಗೆ ಬರುವವರು ಒಳ್ಳೆಯ ಮನಸ್ಸಿನಿಂದ ಮುಂದಿನವರಿಗೆ ಬಾಗಿಲು ಹಿಡಿದುಕೊಳ್ಳುವುದುಂಟು. ಅಲ್ಲಿ ಹಾಗೆ ಹಿಡಿಯಬಾರದು. ಬಾಗಿಲು ಮುಚ್ಚಿದರೇನೇ ತೊಳೆಯುವ ಕೆಲಸ ಶುರುವಾಗುವುದು. ಅವ್ವ ಮೊದಲು ಹೆದರಿದಳು. ಬಾಗಿಲು ತಾನೇ ತೆರೆದುಬಿಟ್ಟರೆ ಅಂತ. ನಾನು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ, ಒಳಗಿನಿಂದ ಅವಳು ಮಾತಾಡುತ್ತಲೇ ಇದ್ದಳು.

ಕೆಫೆಗಳಲ್ಲೂ ಟಾಯ್ಲೆಟ್ ಇದೆ, ಆದರೆ ಏನಾದರೂ ಕೊಂಡವರಿಗೆ. ಕೌಂಟರ್ ಹತ್ತಿರ ನಿಂತು ಸಣ್ಣ ಕಾಫಿ ಕುಡಿದರೆ ಕೂತು ಕುಡಿಯುವುದಕ್ಕಿಂತ ಕಡಿಮೆ ದುಡ್ಡು. ಕಷ್ಟ ಬೇರೆ ಇದೆ. ಹಳೇ ಕೆಫೆಗಳಲ್ಲಿ ಟಾಯ್ಲೆಟ್ ಇರುವುದು ನೆಲಮಾಳಿಗೆಯಲ್ಲಿ. ಕಿರಿದಾದ ಸುತ್ತು ಮೆಟ್ಟಿಲು. ಮೊಣಕಾಲು ನೋವಿರುವವರಿಗೆ ಅದು ಇದ್ದೂ ಇಲ್ಲದಂತೆ. ಹೀಗೆ ಇದ್ದೂ ಇಲ್ಲದಂತಾಗುವುದು ನನ್ನನ್ನು ಬಹಳ ಕಾಡುತ್ತದೆ. ಗಾಲಿಕುರ್ಚಿಯವರಿಗಾಗಿ ಬ್ರಿಟನ್‌ನಲ್ಲಿ 1981ರಿಂದ ಒಂದೇ ಬೀಗದ ಕೈ ವ್ಯವಸ್ಥೆ ಇದೆ. ದೇಶದ ಸಾವಿರಾರು ವಿಶೇಷ ಟಾಯ್ಲೆಟ್‌ಗಳಿಗೆ ಅದೊಂದೇ ಬೀಗದ ಕೈ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅಂಗವಿಕಲರ ಸಂಘವೊಂದು 1986ರಲ್ಲಿ ಶುರುಮಾಡಿದ ಯೂರೋ ಕೀ ಎಂಬ ಇಂಥದೇ ಬೀಗದ ಕೈ ಈಗ ಯುರೋಪ್‌ನ ಹಲವು ದೇಶಗಳಲ್ಲಿ ನಡೆಯುತ್ತದೆ. ಕಿಸೆಯಲ್ಲಿ ತನ್ನದೇ ಬೀಗದ ಕೈ ಇದ್ದವರು ಯಾರ ಮುಂದೆಯೂ ನಿಂತು ಕೇಳಬೇಕಿಲ್ಲ.

ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸ್ವಚ್ಛವಾಗಿದ್ದರೆ, ಕೆಲಸದವರಿಗೆ ಸರಿಯಾಗಿ ಸಂಬಳ ಹೋಗುತ್ತಿದ್ದರೆ ದುಡ್ಡು ಕೊಡುವುದು ತಪ್ಪಲ್ಲ. ತಪ್ಪು ಎಲ್ಲಿದೆ ಅಂದರೆ, ಒಬ್ಬರಿಗೆ ಬಿಟ್ಟಿ, ಇನ್ನೊಬ್ಬರಿಗೆ ದುಡ್ಡು ಅನ್ನುವುದರಲ್ಲಿ. ನಮ್ಮ ಎಷ್ಟೋ ಬಸ್ ಸ್ಟ್ಯಾಂಡ್‌ಗಳಲ್ಲಿ ಗಂಡಸರು ಒಂದಕ್ಕೆ ಪುಕ್ಕಟೆ ಹೋಗಿ ಬರುತ್ತಾರೆ. ಹೆಂಗಸರ ಹತ್ತಿರ 5 ರೂಪಾಯಿ ಕೇಳುತ್ತಾರೆ, ಬೋರ್ಡಿನಲ್ಲಿ ಉಚಿತ ಅಂತ ಬರೆದಿದ್ದರೂ ಕೇಳುತ್ತಾರೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದಲ್ಲಿ ಒಂದು ಕಾಲಕ್ಕೆ ನಾಣ್ಯ ಹಾಕಿದರೆ ತೆರೆಯುವ ಟಾಯ್ಲೆಟ್‌ಗಳೇ ತುಂಬಿದ್ದವು. ಗಂಡಸರು ನಿಂತು ಬಳಸುವುದಕ್ಕೆ ದುಡ್ಡಿಲ್ಲ, ಬಾಗಿಲಿರುವ ಕೋಣೆಗೆ ದುಡ್ಡು. ಅಂದರೆ ಹೆಂಗಸರು ಪ್ರತಿ ಸಲ ಕೊಡಬೇಕು. 1969ರಲ್ಲಿ ಕ್ಯಾಲಿಫೋರ್ನಿಯಾದ ಶಾಸಕಿ ಮಾರ್ಚ್ ಫಾಂಗ್ ಯು ಅಲ್ಲಿನ ವಿಧಾನಸೌಧದ ಮೆಟ್ಟಿಲ ಮೇಲೆ ಸರಪಳಿ ಸುತ್ತಿದ ಕಮೋಡೊಂದನ್ನು ಸುತ್ತಿಗೆಯಿಂದ ಒಡೆದು ಪ್ರತಿಭಟನೆ ಮಾಡಿದರು. 1973ರಲ್ಲಿ ಶಿಕಾಗೋ ನಗರ ದುಡ್ಡಿನ ಟಾಯ್ಲೆಟ್ ನಿಷೇಧಿಸಿತು, ಮುಂದೆ ಹಲವು ರಾಜ್ಯಗಳೂ ನಿಷೇಧಿಸಿದವು. ದುಡ್ಡಿನವು ಹೋದವು. ಆದರೆ ಅವುಗಳ ಜಾಗದಲ್ಲಿ ಬೇಕಾದಷ್ಟು ಪುಕ್ಕಟೆಯವು ಬರಲಿಲ್ಲ. ಈಗ ಅಲ್ಲಿ ಜನ ಲೈಬ್ರರಿ, ಪೆಟ್ರೋಲ್ ಬಂಕ್, ಕಾಫಿ ಅಂಗಡಿ ಹುಡುಕುತ್ತಾರೆ. ಸ್ಟಾರ್‌ಬಕ್ಸ್ ಕಂಪನಿ 2018ರಲ್ಲಿ ಏನೂ ಕೊಳ್ಳದವರಿಗೂ ಟಾಯ್ಲೆಟ್ ತೆರೆದಿಟ್ಟಿತ್ತು, 2025ರ ಜನವರಿಯಲ್ಲಿ ಆ ನಿಯಮ ವಾಪಸ್ ತೆಗೆದುಕೊಂಡಿತು. ಒಬ್ಬ ವ್ಯಾಪಾರಿಯ ಮನಸ್ಸಿನ ಮೇಲೆ ಇಡೀ ಊರಿನ ಟಾಯ್ಲೆಟ್ ನಿಂತರೆ ಹೀಗೇ ಆಗುವುದು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗಂಡಸರಿಗೆ ಬೀದಿಬದಿ ಮೂತ್ರಾಲಯಗಳು ಹತ್ತಾರು, ಹೆಂಗಸರಿಗೆ ಬೆರಳೆಣಿಕೆಯಷ್ಟು ಇದ್ದವು. 2015ರಲ್ಲಿ ಒಬ್ಬ ಯುವತಿ ರಾತ್ರಿ ಬೇರೆ ದಾರಿ ಕಾಣದೆ ಬೀದಿಯಲ್ಲಿ ಕೂತಳು ಅಂತ ದಂಡ ಹಾಕಿದರು. ಅವಳು ಕೋರ್ಟಿಗೆ ಹೋದಳು. 2017ರಲ್ಲಿ ನ್ಯಾಯಾಧೀಶರು ಗಂಡಸರ ಮೂತ್ರಾಲಯವನ್ನೇ ಬಳಸಬಹುದಿತ್ತು ಅಂದರು. ದೇಶದ ಹೆಂಗಸರೆಲ್ಲ ಸಿಟ್ಟಿಗೆದ್ದರು. ಏಳದೇ ಇರುತ್ತಾರಾ?

ಲಂಡನ್ನಿನ ಕಥೆ ಇನ್ನೂ ಹಳೆಯದು. 1851ರ ದೊಡ್ಡ ವಸ್ತುಪ್ರದರ್ಶನದಲ್ಲಿ ಜಾರ್ಜ್ ಜೆನಿಂಗ್ಸ್ ಎಂಬ ಕೊಳಾಯಿ ಕೆಲಸದವನು ಫ್ಲಶ್ ಇರುವ ಟಾಯ್ಲೆಟ್‌ಗಳನ್ನು ಹಾಕಿದ್ದ. ಒಂದು ಪೆನ್ನಿ ಕೊಟ್ಟು ಅವನ್ನು ಬಳಸಿದವರು 8 ಲಕ್ಷ 27 ಸಾವಿರಕ್ಕೂ ಹೆಚ್ಚು. ಅಲ್ಲಿಂದ ಶುರುವಾದ ದುಡ್ಡಿನ ರೂಢಿ ದೊಡ್ಡ ರೈಲು ನಿಲ್ದಾಣಗಳಲ್ಲಿ 2019ರವರೆಗೂ ಇತ್ತು. ಆ ವರ್ಷ ಏಪ್ರಿಲ್‌ನಿಂದ ನೆಟ್‌ವರ್ಕ್ ರೈಲ್ ಎಂಬ ಸರ್ಕಾರಿ ಸಂಸ್ಥೆ ನಡೆಸುವ ನಿಲ್ದಾಣಗಳಲ್ಲಿ ಎಲ್ಲರಿಗೂ ಉಚಿತ.

ಬೆಳಗಾವಿಯ ನನ್ನ ಗೆಳತಿ ಮಗಳ ಮನೆಗೆಂದು ಜಪಾನ್‌ಗೆ ಹೋಗಿದ್ದಳು. ಅವಳ ಮಾತು ಕೇಳಿದರೆ ಈ ವಿಷಯದಲ್ಲಿ ಅದೇ ಸ್ವರ್ಗ. ಸ್ಟೇಷನ್, ಪಾರ್ಕ್, ಬೀದಿ ಮೂಲೆಯ ದಿನಸಿ ಅಂಗಡಿ, ಎಲ್ಲ ಕಡೆ ಉಚಿತ. ತೊಳೆಯಲು ನೀರು ಚಿಮ್ಮುವ ಕಮೋಡ್ ಅಲ್ಲಿ ಸಾಮಾನ್ಯ. ಟೋಟೋ ಕಂಪನಿ ಅದನ್ನು 1980ರಲ್ಲೇ ಮಾರುಕಟ್ಟೆಗೆ ತಂದಿತ್ತು. ಟೋಕಿಯೋದ ಶಿಬುಯಾದಲ್ಲಿ 2020ರಿಂದ 2023ರೊಳಗೆ ದೊಡ್ಡ ದೊಡ್ಡ ಆರ್ಕಿಟೆಕ್ಟ್‌ಗಳಿಂದ 17 ಸಾರ್ವಜನಿಕ ಟಾಯ್ಲೆಟ್ ಕಟ್ಟಿಸಿದ್ದಾರೆ. ಶಿಗೆರು ಬಾನ್ ಕಟ್ಟಿದ್ದು ಗಾಜಿನದು. ಹೊರಗಿನಿಂದಲೇ ಒಳಗೆ ಸ್ವಚ್ಛ ಇದೆಯಾ, ಯಾರಾದರೂ ಅಡಗಿದ್ದಾರಾ ಅಂತ ಕಾಣುತ್ತದೆ. ಚಿಲಕ ಹಾಕಿದ ಕೂಡಲೇ ಗಾಜು ಮಬ್ಬಾಗುತ್ತದೆ. ಕತ್ತಲಲ್ಲಿ ಬಾಗಿಲು ತಳ್ಳುವ ಹೆಣ್ಣಿನ ಭಯ ಅರ್ಥ ಮಾಡಿಕೊಂಡು ಕಟ್ಟಿದ್ದು ಅದು. ಕೈ ಒರೆಸಲು ಮಾತ್ರ ಪೇಪರ್ ಇರದೇ ಇರಬಹುದು. ಅಲ್ಲಿ ಎಲ್ಲರೂ ಕರವಸ್ತ್ರ ಇಟ್ಟುಕೊಂಡಿರುತ್ತಾರಂತೆ. ಚೀನಾಕ್ಕೆ ಹೋಗುವವರು ಪೇಪರ್ ತಾವೇ ಒಯ್ಯುವುದು ಒಳ್ಳೆಯದು. ಅಲ್ಲಿ ನಮ್ಮಂತೆ ಕುಕ್ಕರುಗಾಲಿನಲ್ಲಿ ಕೂರುವಂಥವೇ ಜಾಸ್ತಿ.

ಆಸ್ಟ್ರೇಲಿಯಾ ಸರ್ಕಾರ 2001ರಲ್ಲೇ ದೇಶದ ಸಾರ್ವಜನಿಕ ಟಾಯ್ಲೆಟ್‌ಗಳ ನಕ್ಷೆ ಮಾಡಿತು. ಈಗ ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಜಾಗಗಳಿವೆ. ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಗಾಲಿಕುರ್ಚಿ ಹೋಗುತ್ತದಾ, ಮಗುವಿನ ಬಟ್ಟೆ ಬದಲಿಸಲು ಜಾಗ ಇದೆಯಾ, ಎಲ್ಲ ಬರೆದಿರುತ್ತದೆ. ಪದೇ ಪದೇ ಮೂತ್ರಕ್ಕೆ ಹೋಗಬೇಕಾದ ಕಾಯಿಲೆ ಇರುವವರು ಮನೆ ಬಿಟ್ಟು ಹೊರಬರಲಿ ಅಂತಲೇ ಶುರುವಾದ ಕೆಲಸ ಅದು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿಗೆ ಹಿಡಿಸಿದ್ದು ಗಾಜಿನ ಮನೆಯೂ ಅಲ್ಲ, ತಾನೇ ತೊಳೆಯುವ ಯಂತ್ರವೂ ಅಲ್ಲ. ತಮ್ಮನ ಊರು ಆಲೆನ್‌ನಲ್ಲಿ ಕಂಡ ಒಂದು ಸ್ಟಿಕರ್.

ಸಂಜೆ ಪೇಟೆಯಲ್ಲಿ ಅಡ್ಡಾಡುತ್ತಿದ್ದೆವು. ಅವ್ವ ನಡಿಗೆ ನಿಧಾನ ಮಾಡಿದಳು. ಅವಳು ನಡಿಗೆ ನಿಧಾನ ಮಾಡಿದರೆ ಏನು ಅಂತ ನನಗೆ ಗೊತ್ತು. ತಮ್ಮ ಎದುರಿಗಿದ್ದ ಹೋಟೆಲಿನ ಬಾಗಿಲು ತೋರಿಸಿದ. ಗಾಜಿನ ಮೇಲೆ ಅಂಗೈಯಷ್ಟು ಸ್ಟಿಕರ್. “ಅದು ಇತ್ತಂದ್ರ ಯಾರ ಬೇಕಾದ್ರೂ ಒಳಗ ಹೋಗಬಹುದು. ಚಹಾ ಕುಡೀಬೇಕಂತಿಲ್ಲ, ಕೇಳಬೇಕಂತಿಲ್ಲ,” ಅಂದ. ಅವ್ವ ನಂಬಲಿಲ್ಲ. ಒಳಗೆ ಹೋದರೆ ಕೌಂಟರಿನವನು ನಮ್ಮನ್ನು ನೋಡಿ, ಕೈಯಿಂದಲೇ ಎಡಗಡೆ ದಾರಿ ತೋರಿಸಿ, ತನ್ನ ಕೆಲಸಕ್ಕೆ ತಿರುಗಿದ. ಅಷ್ಟೇ.

ಈ ಪದ್ಧತಿ ಹುಟ್ಟಿದ್ದು ಅದೇ ಊರಲ್ಲಿ, 2000ನೇ ಇಸವಿಯಲ್ಲಿ. ನೆಟ್ಟೆ ಟ್ವಾಲೆಟ್ಟೆ ಅಂತ ಹೆಸರು, ಅಂದರೆ ಸ್ನೇಹದ ಟಾಯ್ಲೆಟ್. ಹೊಸ ಸಾರ್ವಜನಿಕ ಟಾಯ್ಲೆಟ್ ಕಟ್ಟಿ, ಕಾವಲಿಟ್ಟು, ದಿನಾ ತೊಳೆಸುವುದಕ್ಕೆ ಊರಾಡಳಿತಕ್ಕೆ ಬಹಳ ಖರ್ಚು. ಊರಲ್ಲಿ ಆಗಲೇ ಎಷ್ಟೋ ಹೋಟೆಲು, ಕೆಫೆಗಳಲ್ಲಿ ಒಳ್ಳೆಯ ಟಾಯ್ಲೆಟ್ ಇವೆ. ಅವರು ಎಲ್ಲರಿಗೂ ಬಾಗಿಲು ತೆರೆದರೆ ಊರಾಡಳಿತ ಅವರಿಗೆ ತೊಳೆಯುವ ಖರ್ಚಿಗೆ ಅಂತ ತಿಂಗಳಿಗೆ ಇಷ್ಟು ದುಡ್ಡು ಕೊಡುತ್ತದೆ. ಬಾಗಿಲಿಗೆ ಸ್ಟಿಕರ್ ಅಂಟಿಸುತ್ತಾರೆ, ಊರಿನ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಈಗ ಜರ್ಮನಿಯ ನೂರಾರು ಊರುಗಳಲ್ಲಿ ಇದು ನಡೆಯುತ್ತಿದೆ. ಲಂಡನ್ನಿನ ರಿಚ್‌ಮಂಡ್‌ನಲ್ಲೂ ಇದೇ ಥರದ ಯೋಜನೆ ಇದೆ.

ನಾನು ಆ ಬಾಗಿಲನ್ನು ನೋಡುತ್ತ ನಿಂತದ್ದಕ್ಕೆ ಕಾರಣ ಇದೆ. ಬಾದಾಮಿಯಲ್ಲಿ ನಮ್ಮ ಮನೆಯವರದು ಖಾನಾವಳಿ. ಗುಹೆ ನೋಡಲು, ಪಟ್ಟದಕಲ್ಲು ಐಹೊಳೆಗೆ ಹೋಗಲು ಬರುವವರು ನಮ್ಮ ಮುಂದೆಯೇ ಹಾಯುತ್ತಾರೆ. ಪಟ್ಟದಕಲ್ಲು 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಪರದೇಶದವರೂ ಬರುತ್ತಾರೆ. ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹಳ್ಳಿಹಳ್ಳಿಯ ಜನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾದ ಮೇಲೆ ಹೆಂಗಸರು ಗುಂಪುಗುಂಪಾಗಿ ಬರುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ಬಸ್ ಟಿಕೆಟ್ಟಿನ ಚಿಂತೆ ಹೋಯಿತು, ಈ ಚಿಂತೆ ಇನ್ನೂ ಉಳಿದಿದೆ. ನಮ್ಮ ಖಾನಾವಳಿಗೆ ಬಂದು ಸಂಡಾಸ ಕೇಳಿದವರಿಗೆ ಯಾರಿಗೂ ಇಲ್ಲ ಅಂದದ್ದಿಲ್ಲ. ಪರದೇಶದ ಹುಡುಗಿಯರು ಸೀದಾ ಬಂದು ಕೇಳುತ್ತಾರೆ. ಅವ್ವನಂಥವರು ಕೇಳುವುದಿಲ್ಲ. ಬಾಗಿಲ ತನಕ ಬಂದು, ಒಳಗೆ ಊಟಕ್ಕೆ ಕೂತ ಗಂಡಸರನ್ನು ನೋಡಿ, ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ.

ವಾಪಸ್ ಬಂದ ಮೇಲೆ ನಮ್ಮ ಮನೆಯವರಿಗೆ ಹೇಳಿದೆ. ಬೋರ್ಡ್ ಹಾಕೋಣ ಅಂದೆ. ಅವರು ಒಮ್ಮೆಗೇ ಒಪ್ಪಲಿಲ್ಲ. “ಊರ ಮಂದಿಗೆಲ್ಲಾ ಬಾಗಲಾ ತಗದ್ರ ನೀರ ಯಾರ ತುಂಬಬೇಕು? ತೊಳಿಯೋರ ಯಾರು?” ಅಂದರು. ಸರಿಯಾದ ಪ್ರಶ್ನೆಯೇ. ಬೇಸಿಗೆಯಲ್ಲಿ ನಮಗೆ ಟ್ಯಾಂಕರ್ ನೀರು. ಜಾತ್ರೆಯ ದಿನ ಸಾಲು ನಿಂತರೆ ಊಟಕ್ಕೆ ಬಂದವರಿಗೆ ತೊಂದರೆ. ಕೊನೆಗೆ ಹಿತ್ತಲ ಕಡೆಯಿಂದ ಇನ್ನೊಂದು ಬಾಗಿಲು ಒಡೆಸಿದೆವು. ಊಟದ ಹಾಲ್ ದಾಟದೆ ಓಣಿಯಿಂದಲೇ ಬರಬಹುದು. ಕೈ ತೊಳೆಯುವ ನೀರನ್ನು ಒಂದು ತೊಟ್ಟಿಗೆ ಬಿಟ್ಟು ಅದನ್ನೇ ಸಂಡಾಸಕ್ಕೆ ಬಳಸುತ್ತೇವೆ. ಒಳಗೆ ಒಂದು ಕಮೋಡ್, ಒಂದು ನಮ್ಮ ಥರದ್ದು. ಒಳ್ಳೆಯ ಚಿಲಕ, ಬ್ಯಾಗಿಗೆ ಕೊಕ್ಕೆ, ಪ್ಯಾಡಿಗೆ ಮುಚ್ಚಳದ ಡಬ್ಬಿ. ತೊಳೆಯುವುದನ್ನು ಮನೆಯವರೇ ಸರದಿಯಲ್ಲಿ ಮಾಡುತ್ತೇವೆ, ಗಂಡಸರೂ ಸೇರಿ. ಅದು ನನ್ನ ಕರಾರಾಗಿತ್ತು. ಇದಕ್ಕೆ ಯಾರನ್ನೋ ಕೇರಿಯಿಂದ ಕರೆಸುವುದು ಬೇಡ ಅಂತ.

ಬೋರ್ಡಿನ ಮೇಲೆ ಏನು ಬರೆಯೋದು ಅಂತ ಮನೆಯಲ್ಲಿ ಬಹಳ ಚರ್ಚೆಯಾಯಿತು. ಅವ್ವ ಹೇಳಿದ್ದೇ ಉಳಿಯಿತು. “ಕೇಳಬ್ಯಾಡ್ರಿ ಅಂತ ಬರೀರಿ. ಚಿತ್ರಾನೂ ಹಾಕ್ರಿ, ಓದಾಕ ಬರದವರು ಇರತಾರ.” ಹಾಗೇ ಬರೆಸಿದೆವು. ಮೊದಮೊದಲು ಯಾರೂ ಬರಲಿಲ್ಲ. ಓಣಿಯಲ್ಲಿ ಹೂವು ಮಾರುವ ಅಜ್ಜಿ ಶುರುಮಾಡಿದಳು. ಅವಳು ಹೋಗಿ ಬರುವುದನ್ನು ನೋಡಿ ಮಿಕ್ಕವರಿಗೆ ಧೈರ್ಯ ಬಂತು. ಈಗ ಅವಳೇ ಬಸ್ಸಿಳಿದ ಹೆಂಗಸರಿಗೆ ದಾರಿ ತೋರಿಸುತ್ತಾಳೆ. ಪಕ್ಕದ ಬಟ್ಟೆ ಅಂಗಡಿಯವರು ತಾವೂ ಹಗಲು ಹೊತ್ತು ತೆರೆದಿಡುತ್ತೇವೆ ಅಂದಿದ್ದಾರೆ. ಆಲೆನ್ ಥರ ಊರಿನ ಆಡಳಿತ ಇಂಥ ಅಂಗಡಿಗಳಿಗೆ ನೀರಿನ ಕರದಲ್ಲಿ ಸ್ವಲ್ಪ ಬಿಟ್ಟರೂ ಸಾಕು, ಬಾದಾಮಿ, ಇಳಕಲ್, ವಿಜಯಪುರ, ಗೋಕಾಕ ಎಲ್ಲ ಕಡೆ ಹತ್ತಿಪ್ಪತ್ತು ಬಾಗಿಲು ಸುಲಭವಾಗಿ ತೆರೆಯುತ್ತವೆ. ಇದನ್ನು ಬರೆದು ಅರ್ಜಿ ತಯಾರು ಮಾಡುತ್ತಿದ್ದೇವೆ. ಸಹಿ ಹಾಕುವ ಅಂಗಡಿಯವರು ಇದ್ದರೆ ಬನ್ನಿ.

ಬಾದಾಮಿಗೆ ಬರುವವರು ಊಟ ಮಾಡಲೇಬೇಕು ಅಂತಿಲ್ಲ. ಸ್ಟೇಷನ್ ರೋಡಿನಲ್ಲಿ ಹಸಿರು ಬೋರ್ಡ್ ನೋಡಿ, ಪಕ್ಕದ ಓಣಿಯಲ್ಲಿ ಒಳಗೆ ಬಂದು ಎಡಕ್ಕೆ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ನೀರು ಇದೆ.